ಸತ್ತವನು ಮಾರಿದ ಬೈಕು

೧೯೯೭ರ ಜೂನ್ ೧೦, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಬ್ರಾನಿಕ್ ಊರಿನ ಶೆರಿಫ್ ಠಾಣೆಗೆ ಬಂದ ಕರ್ಟ್ ಎಕ್ಲಂಡ್‌ಗೆ ದೂರು ಕೊಡುವ ಇರಾದೆಯೇನೂ ಇರಲಿಲ್ಲ. ಅವನಿಗೆ ಬೇಕಿದ್ದದ್ದು ಒಂದು ಮೊಹರು, ಅಷ್ಟೇ. ಟ್ರ್ಯಾಕ್ಟರ್ ಅಂಗಡಿಯಲ್ಲಿ ಕೆಲಸ ಮಾಡುವ ಮೂವತ್ತೆರಡರ ಆಸಾಮಿ. ಶನಿವಾರ ಪಕ್ಕದ ಕೌಂಟಿಯ ಹಳೆ ಸಾಮಾನಿನ ಸಂತೆಯಲ್ಲಿ ಒಂದು ಬೈಕು ಕೊಂಡಿದ್ದ. ಬೈಕಿಗೆ ಟೈಟಲ್, ಅಂದರೆ ಮಾಲೀಕತ್ವದ ಕಾಗದ, ಇರಲಿಲ್ಲ. ಟೈಟಲ್ ಇಲ್ಲದ ಗಾಡಿಯನ್ನು ನೆಬ್ರಾಸ್ಕಾದಲ್ಲಿ ರಸ್ತೆಗಿಳಿಸುವ ಹಾಗಿಲ್ಲ, ಕೊಟ್ಟಿಗೆಯಲ್ಲಿಟ್ಟು ಪೂಜೆ ಮಾಡಬಹುದು. ಹೊಸ ಟೈಟಲ್ ಬೇಕೆಂದರೆ ಮೊದಲು ಠಾಣೆಯವರು ಗಾಡಿಯ ಸಂಖ್ಯೆ ನೋಡಿ, ಇದು ಕದ್ದ ಮಾಲಲ್ಲ ಎಂದು ನಮೂನೆಯ ಮೇಲೆ ಮೊಹರು ಒತ್ತಬೇಕು.

ಕೌಂಟರಿನಲ್ಲಿ ಡೆಪ್ಯುಟಿ ಡೀನಾ ವಿಟೇಕರ್ ಕೂತಿದ್ದಳು. ಒಮಾಹಾ ಬಿಟ್ಟು ಈ ಊರಿಗೆ ಕೆಲಸಕ್ಕೆ ಬಂದು ಎಂಟು ತಿಂಗಳಾಗಿತ್ತು.

"ಮಾರಿದವರ ಹೆಸರು?"

"ಮಾರಾಟದ ಚೀಟಿಲಿದೆ ನೋಡಿ ಮೇಡಂ. ಯೂಜೀನ್ ಹವ್ರಾನೆಕ್."

ಹಿಂದಿನ ಮೇಜಿನಲ್ಲಿ ಕಾಫಿ ಕುಡಿಯುತ್ತಿದ್ದ ಸಾರ್ಜೆಂಟ್ ಸ್ಟ್ಯಾನ್ಲಿ ಕ್ರಾಲಿಕ್ ಲೋಟ ಕೆಳಗಿಟ್ಟ.

"ಇನ್ನೊಂದ್ಸಲ ಹೇಳಪ್ಪ."

"ಯೂಜೀನ್ ಹವ್ರಾನೆಕ್. ಯಾಕೆ ಸರ್, ನಿಮಗೆ ಪರಿಚಯಾನಾ?"

"ಒಂದನೇ ಕ್ಲಾಸಿಂದ ಒಂದೇ ಬೆಂಚು. ವಿಯೆಟ್ನಾಂನಿಂದ ಅವನ ಪೆಟ್ಟಿಗೆ ಬಂದಾಗ ಹೆಗಲು ಕೊಟ್ಟ ಆರು ಜನರಲ್ಲಿ ನಾನೂ ಒಬ್ಬ. ಅರವತ್ತೊಂಬತ್ತನೇ ಇಸವಿ, ಫೆಬ್ರವರಿ."

ಕರ್ಟ್ ಎಕ್ಲಂಡ್ ತನ್ನ ಬಲಗೈ ನೋಡಿಕೊಂಡ. "ಅಯ್ಯೋ ದೇವರೆ. ಹಂಗಾದ್ರೆ ಶನಿವಾರ ನನ್ನ ಕೈಕುಲುಕಿದ್ದು ಯಾರು?"

"ದೆವ್ವ ಅಂತೂ ಅಲ್ಲ. ದೆವ್ವಗಳು ರಸೀದಿ ಬರೆಯಲ್ಲ," ಎಂದು ಕ್ರಾಲಿಕ್ ಟೋಪಿ ಎತ್ತಿಕೊಂಡ. "ನಡಿ, ಗಾಡಿ ತೋರಿಸು."

ಗಾಡಿ ಅಂಗಳದಲ್ಲಿ ಟ್ರೇಲರಿನ ಮೇಲೆ ನಿಂತಿತ್ತು. ಇಂಗ್ಲೆಂಡಿನದು, ಅರವತ್ತಾರನೇ ಇಸವಿಯ ಆರುನೂರೈವತ್ತು ಸಿಸಿ, ಕಡುಗೆಂಪು ಟ್ಯಾಂಕು. ಕ್ರಾಲಿಕ್ ಮೆಟ್ಟಿಲ ಮೇಲೇ ನಿಂತುಬಿಟ್ಟ. ಐವತ್ತು ವರ್ಷದ, ಹೊಟ್ಟೆ ಬಂದ, ಮೊಮ್ಮಗಳಿರುವ ಮನುಷ್ಯ ಒಂದು ಗಳಿಗೆಗೆ ಹತ್ತೊಂಬತ್ತರವನಾದ. ಶನಿವಾರದ ಸಂಜೆ, ಪೋಲ್ಕಾ ಕುಣಿತದ ಹಾಲ್, ಕಿಟಕಿಯಿಂದ ಹೊರಬೀಳುವ ಅಕಾರ್ಡಿಯನ್ ಸದ್ದು. ಒಂದೇ ಬೈಕಿನ ಮೇಲೆ ಮೂರು ಜನ: ಮುಂದೆ ಯೂಜೀನ್, ನಡುವೆ ಗೆಳೆಯ ಲುಮೀರ್, ಬಾಲಕ್ಕೆ ಜೋತುಬಿದ್ದವನು ತಾನು. ಆ ಕಾಲ ಎಷ್ಟು ಚೆನ್ನಾಗಿತ್ತೆಂದರೆ, ಅದು ಚೆನ್ನಾಗಿದೆಯೆಂದು ಆಗ ಯಾರಿಗೂ ಹೊಳೆದಿರಲಿಲ್ಲ. ಕ್ರಾಲಿಕ್ ಮೆಟ್ಟಿಲಿಳಿದು ಡೀನಾಗೆ ಮಹಜರು ಬರೆದುಕೊಳ್ಳಲು ಹೇಳಿದ.

ಸಮಯ ಒಂಬತ್ತು ನಲವತ್ತು. ಎಂಜಿನ್ ಸಂಖ್ಯೆ ಅಳಿಸಿಲ್ಲ, ತಿದ್ದಿಲ್ಲ. ಟೈರು ಹೊಸವು, ನೆಲಕ್ಕೆ ಸವೆದಿಲ್ಲ. ಎಣ್ಣೆ ಶುಭ್ರ. ಸ್ಪಾರ್ಕ್ ಪ್ಲಗ್ ಇತ್ತೀಚಿನದು. ಮೀಟರಿನಲ್ಲಿ ಓಡಿದ ಮೈಲಿ ೬,೪೧೨. ಹೆಡ್‌ಲ್ಯಾಂಪಿನ ಗಾಜು ಒಡೆದಿದೆ.

"ಅದೊಂದೇ ಕೊರತೆ ಸರ್," ಎಂದ ಕರ್ಟ್. "ಉಳಿದದ್ದೆಲ್ಲ ಮದುಮಗಳ ಹಂಗಿದೆ, ಲ್ಯಾಂಪ್ ಮಾತ್ರ ಯಾಕೆ ಹಿಂಗೆ ಬಿಟ್ಟಿದ್ದೀರ ಅಂತ ಕೇಳ್ದೆ. ಉತ್ತರಾನೇ ಕೊಡ್ಲಿಲ್ಲ."

ನಮೂನೆಯಲ್ಲಿ ಇನ್ನೊಂದು ಖಾನೆ ಉಳಿದಿತ್ತು: ವಾಹನ ಚಾಲನಾ ಸ್ಥಿತಿಯಲ್ಲಿದೆಯೇ?

"ಕಿಕ್ ಹೊಡಿಲಾ ಸರ್? ಮೂರನೇ ಏಟಿಗೆ ಶುರುವಾಗುತ್ತೆ."

"ಬೇಡ," ಎಂದ ಕ್ರಾಲಿಕ್, ತನಗೇ ಅಚ್ಚರಿಯಾಗುವಷ್ಟು ಗಟ್ಟಿಯಾಗಿ. "ಆಮೇಲೆ ನೋಡೋಣ. ಖಾಲಿ ಬಿಡು ಡೀನಾ."

ಹೇಳಿಕೆ ತೆಗೆದುಕೊಂಡದ್ದು ಒಳಗೆ, ಹತ್ತು ಗಂಟೆಗೆ.

"ಮಾರಿದವನು ನೋಡೋಕೆ ಹೇಗಿದ್ದ?"

"ನಿಮ್ಮಷ್ಟೇ ವಯಸ್ಸು. ತೆಳ್ಳಗೆ. ಕೋಲು ಹಿಡ್ಕೊಂಡಿದ್ದ."

"ಏನು ಮಾತಾಡ್ದ?"

"ಮಾತೇ ಇಲ್ಲ. 'ಕಿಕ್ ಹೊಡಿ ನೋಡೋಣ' ಅಂದ. ನನಗಿಂತ ಮುಂಚೆ ಇಬ್ಬರು ಬಂದಿದ್ರು. ಒಬ್ಬ ನನಗಿಂತ ಜಾಸ್ತಿ ಕೊಡ್ತೀನಿ ಅಂದ, ಆದ್ರೆ ಅವನ ಕೈಲಿ ಶುರು ಮಾಡಕ್ಕಾಗ್ಲಿಲ್ಲ. ಹೋಗು ಅಂದ್ಬಿಟ್ಟ. ನಾನು ಹೊಡೆದಾಗ ಶುರುವಾಯ್ತು. ಕಣ್ಣೊರೆಸ್ಕೊಂಡ ಸರ್. ಹೊಗೆಗೆ ಅಂದ್ಕೊಂಡೆ."

"ಮತ್ತೆ?"

"ತಿಂಗಳಿಗೆ ಒಂದ್ಸಲನಾದ್ರೂ ಎಂಜಿನ್ ಶುರು ಮಾಡ್ತೀನಿ ಅಂತ ಮಾತು ಕೊಡು ಅಂದ. ಕೊಟ್ಟೆ. ಸಂತೇಲಿ ಮಾರೋ ಮಾರಾಟದ ಚೀಟಿ ತಂದು ತುಂಬಿಸಿ ಸಹಿ ಹಾಕ್ದ." ಕರ್ಟ್ ಮುಂದಕ್ಕೆ ಬಾಗಿದ. "ಸರ್, ನನ್ನ ಬೈಕು ಹೋಗಿಬಿಡುತ್ತಾ?"

"ಕದ್ದ ಮಾಲಾದ್ರೆ ಮಾಲೀಕರಿಗೆ ಹೋಗುತ್ತೆ. ಕಾನೂನು."

ಕೋಲು ಎಂದ ಕೂಡಲೇ ಕ್ರಾಲಿಕ್‌ನ ಕಣ್ಮುಂದೆ ಒಬ್ಬನ ಮುಖ ಬಂದಿತ್ತು. ಬ್ರಾನಿಕ್‌ನಲ್ಲಿ ಕೋಲು ಹಿಡಿದವರು ಬೇಕಾದಷ್ಟು ಜನರಿದ್ದಾರೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಗೊತ್ತಿದ್ದನ್ನು ಗೊತ್ತಿಲ್ಲದ ಹಾಗೆ ಇಟ್ಟುಕೊಳ್ಳುವುದರಲ್ಲಿ ಪೊಲೀಸರೂ ಎಲ್ಲರ ಹಾಗೆಯೇ.

ಕಂಪ್ಯೂಟರು ಆ ಎಂಜಿನ್ ಸಂಖ್ಯೆಗೆ ಏನೂ ಹೇಳಲಿಲ್ಲ. "ಅದಕ್ಕೆ ಎಪ್ಪತ್ತೈದರ ಹಿಂದಿನದು ಗೊತ್ತಿಲ್ಲ," ಎಂದು ಕ್ರಾಲಿಕ್ ಡೀನಾಳನ್ನು ಕರೆದುಕೊಂಡು ನೆಲಮಾಳಿಗೆಗೆ ಇಳಿದ. ಹಳೆಯ ದೂರಿನ ಕಾರ್ಡುಗಳು ಶೂ ಡಬ್ಬಿಗಳಲ್ಲಿದ್ದವು. ಅರ್ಧ ಗಂಟೆ ಧೂಳು ಕುಡಿದ ಮೇಲೆ ಕಾರ್ಡು ಸಿಕ್ಕಿತು.

ದಿನಾಂಕ ೧೯೬೯ರ ಏಪ್ರಿಲ್ ೬, ಈಸ್ಟರ್ ಭಾನುವಾರ. ದೂರುದಾರ: ಜೋಸೆಫ್ ಹವ್ರಾನೆಕ್, ಯೂಜೀನ್‌ನ ತಂದೆ. ಎಂಟು ಗಂಟೆಯ ಪೂಜೆಗೆ ಮನೆಯವರೆಲ್ಲ ಚರ್ಚಿಗೆ ಹೋಗಿದ್ದಾಗ ಶೆಡ್ಡಿನಿಂದ ಬೈಕು ಕಳವು. ಎಂಜಿನ್ ಸಂಖ್ಯೆ ಅದೇ. ಮೀಟರು ೬,೪೧೨. ಹೆಡ್‌ಲ್ಯಾಂಪ್ ಒಡೆದಿದೆ. ತನಿಖಾಧಿಕಾರಿ: ಡೆಪ್ಯುಟಿ ಎಸ್. ಕ್ರಾಲಿಕ್.

"ಇದು ನೀವೇ ಬರ್ದಿದ್ದಾ?" ಎಂದಳು ಡೀನಾ.

"ಕೆಲಸಕ್ಕೆ ಸೇರಿ ಐದನೇ ವಾರ. ನನ್ನ ಮೊದಲನೇ ಕೇಸು. ಪತ್ತೆಯಾಗ್ಲಿಲ್ಲ."

ಅವಳು ಕಾರ್ಡನ್ನೂ ಕರ್ಟ್‌ನ ಚೀಟಿಯನ್ನೂ ದೀಪದ ಕೆಳಗೆ ಅಕ್ಕಪಕ್ಕ ಹಿಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದಳು.

"ಸಾರ್ಜೆಂಟ್, ತಪ್ಪು ತಿಳ್ಕೋಬೇಡಿ. ಶನಿವಾರ ಮಧ್ಯಾಹ್ನ ನೀವೆಲ್ಲಿದ್ರಿ?"

"ಮಗಳ ಮನೆ ಮೇಲೆ ಹತ್ತಿ ಎಲೆಗಸ ತೆಗೀತಿದ್ದೆ. ಯಾಕೆ?"

"ಎಂಜಿನ್ ಸಂಖ್ಯೆಯಲ್ಲಿರೋ ಏಳು ನೋಡಿ. ಎರಡೂ ಒಂದೇ ಕೈ."

ಕ್ರಾಲಿಕ್ ನೋಡಿದ. 7ರ ಸೊಂಟಕ್ಕೆ ಅಡ್ಡಗೆರೆ, ಗೆರೆಯ ತುದಿ ಒಂದಿಷ್ಟು ಮೇಲಕ್ಕೆ. ನಗು ಬಂತು, ನಗುವಿನ ಹಿಂದೆಯೇ ಸಂಕಟ ಬಂತು.

"ಒಂದೇ ಕೈ ಅಲ್ಲಮ್ಮ, ಒಂದೇ ಟೀಚರು. ಸಿಸ್ಟರ್ ಲುದ್ಮಿಲಾ. ಬೊಹೀಮಿಯಾದಿಂದ ಬಂದೋರು. 'ಏಳಕ್ಕೆ ಬೆಲ್ಟ್ ಕಟ್ಟದೆ ಮನೆಯಿಂದ ಹೊರಗೆ ಕಳಿಸಿದ್ರೆ ಜನ ಒಂದು ಅಂದ್ಕೋತಾರೆ' ಅಂತಿದ್ರು. ಕಟ್ಟದೋರ ಬೆರಳಿಗೆ ಸ್ಕೇಲಿನೇಟು. ಅವರ ಹತ್ರ ಕಲಿತದ್ದು ನಮ್ಮದೊಂದೇ ತರಗತಿ. ಮಾರನೇ ವರ್ಷ ಅವರು ತೀರಿಕೊಂಡ್ರು."

"ಹುಡುಗರು ಎಷ್ಟು ಜನ?"

"ಹನ್ನೊಂದು. ಈಗ ಊರಲ್ಲಿ ಐದು."

"ಅದರಲ್ಲಿ ಕೋಲು ಹಿಡಿದೋರು?"

ಕ್ರಾಲಿಕ್ ಡಬ್ಬಿಯ ಮುಚ್ಚಳ ಮುಚ್ಚಿದ. "ಒಬ್ಬ."

ಆದರೂ ಮೊದಲು ಹೋದದ್ದು ಮಾಲೀಕರ ಕಡೆಯವರ ಬಳಿಗೆ. ಕ್ರಮ ಅಂದರೆ ಕ್ರಮ. ಜೋಸೆಫ್ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಅವನ ಹೆಂಡತಿ ವ್ಲಾಸ್ತಾ, ಎಪ್ಪತ್ತಾರು, ಮಗಳ ಜೊತೆ ಬೇಕರಿ ನಡೆಸುತ್ತಿದ್ದಳು. ಬೇಕರಿಯ ಮೇಲೆಯೇ ಮನೆ. ಹನ್ನೊಂದೂ ಮುಕ್ಕಾಲಿಗೆ ಇವರು ಒಳಗೆ ಹೋದಾಗ ಕೋಲಾಚಿ ಎಂಬ ಸಿಹಿ ಬನ್ನಿನ ಹಿಟ್ಟಿನ ಬಿಲ್ಲೆಗಳಿಗೆ ಹೆಬ್ಬೆರಳಿನಿಂದ ಗುಳಿ ಒತ್ತಿ ಗಸಗಸೆ ಹೂರಣ ತುಂಬುತ್ತಿದ್ದಳು. ಮಗಳು ಒಲೆಯ ಮುಂದಿದ್ದಳು.

"ಬಾರೋ ಸ್ಟಾಂಡಾ. ಹೆಂಡತಿ ಸಕ್ಕರೆ ತಿನ್ನಬೇಡ ಅಂದಿದ್ದಾಳಂತೆ. ಅದಕ್ಕೆ ಕೆಲಸದ ನೆಪ ಮಾಡಿ ಜೊತೆಗೊಬ್ಬ ಪೊಲೀಸ್ ಕರ್ಕೊಂಡು ಬಂದ್ಯಾ?"

"ತೇತಾ," ಎಂದ ಕ್ರಾಲಿಕ್. ಊರಿನ ಅರ್ಧ ಜನಕ್ಕೆ ಅವಳು ತೇತಾ, ಅಂದರೆ ಅತ್ತೆ; ಸ್ಟ್ಯಾನ್ಲಿ ಅವಳ ಬಾಯಲ್ಲಿ ಸ್ಟಾಂಡಾ. "ಯೂಜೀನ್‌ದು ಬೈಕು ಸಿಕ್ಕಿದೆ."

ಹೆಬ್ಬೆರಳು ಹಿಟ್ಟಿನಲ್ಲೇ ನಿಂತಿತು. ಯಾರು ಕದ್ದದ್ದು, ಎಲ್ಲಿತ್ತು, ಒಂದನ್ನೂ ಅವಳು ಕೇಳಲಿಲ್ಲ.

"ಶುರುವಾಗುತ್ತಾ?"

"ನೋಡಿಲ್ಲ ತೇತಾ."

"ನೋಡಿಲ್ಲ ಅಂದ್ರೆ ಏನೋ? ಸಂಬಳ ಯಾತಕ್ಕೆ ತಗೋತೀಯ?" ಕೈ ಒರೆಸಿಕೊಂಡು ಮೇಲಿನ ಕಪಾಟಿನಿಂದ ಗಸಗಸೆಯ ಹಳೆಯ ತಗಡಿನ ಡಬ್ಬಿ ಇಳಿಸಿದಳು. ಒಳಗೆ ಎಣ್ಣೆಕಾಗದದಲ್ಲಿ ಸುತ್ತಿದ ಟೈಟಲ್ ಇತ್ತು. ಯೂಜೀನ್ ಜೆ. ಹವ್ರಾನೆಕ್, ಎಂಜಿನ್ ಸಂಖ್ಯೆ ಸಮೇತ. ಕರ್ಟ್‌ನ ಹತ್ತಿರ ಕಾಗದವಿಲ್ಲದ ಬೈಕು, ಇವಳ ಹತ್ತಿರ ಇಪ್ಪತ್ತೆಂಟು ವರ್ಷದಿಂದ ಬೈಕಿಲ್ಲದ ಕಾಗದ.

"ಬೈಕು ನಿಮಗೇ ಸೇರ್ಬೇಕು."

"ನಾನೇನು ಅದರ ಮೇಲೆ ಕೂತು ಹಿಟ್ಟು ತರಕ್ಕೆ ಹೋಗ್ಲಾ? ನನಗೆ ಗಾಡಿ ಬೇಡ. ಒಂದ್ಸಲ ಅದರ ಶಬ್ದ ಕೇಳಬೇಕು. ಒಂದೇ ಸಲ ಕೇಳಿ ಸತ್ರೂ ಪರವಾಗಿಲ್ಲ."

"ಯಾರ ಮೇಲಾದ್ರೂ ಅನುಮಾನ ಇದೆಯಾ ತೇತಾ?"

ವ್ಲಾಸ್ತಾ ಬೇಕರಿಯ ಹಿಂಬದಿಯ ಕಿಟಕಿಯತ್ತ ನೋಡಿದಳು, ಕೂಡಲೇ ದೃಷ್ಟಿ ಹಿಂದಕ್ಕೆ ತಂದಳು. "ನನಗೆ ಮಂಡಿ ನೋವು ಕಣೋ. ಅನುಮಾನ ಪಡೋಕೆಲ್ಲ ಪುರುಸೊತ್ತಿಲ್ಲ."

ಆ ಕಿಟಕಿಯಾಚೆ ಒಂದು ಓಣಿ, ಓಣಿಯಾಚೆ ಲುಮೀರ್ ಟೊಮೆಶ್‌ನ ರಿಪೇರಿ ಅಂಗಡಿ. ಹುಲ್ಲು ಕತ್ತರಿಸುವ ಯಂತ್ರ, ನೀರಿನ ಪಂಪು, ಹಿಮ ಎಸೆಯುವ ಯಂತ್ರ: ಊರಿನ ಸಣ್ಣ ಎಂಜಿನ್‌ಗಳೆಲ್ಲ ಕೆಮ್ಮಿ ಗುಣವಾಗುವುದು ಅಲ್ಲಿಯೇ. ಮಧ್ಯಾಹ್ನ ಎರಡೂ ಕಾಲಿಗೆ ಕ್ರಾಲಿಕ್ ಡೀನಾಳೊಂದಿಗೆ ಒಳಗೆ ಹೋದ. ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಸಿಮೆಂಟಿನ ನೆಲದಲ್ಲಿ ಬೈಕಿನ ಸ್ಟ್ಯಾಂಡು ನಿಂತ ಜಾಗದಲ್ಲಿ ಎರಡು ಗುಳಿ ಬಿದ್ದಿದ್ದವು.

ಲುಮೀರ್ ಸ್ಟೂಲಿನ ಮೇಲೆ ಕೂತು ಕಾರ್ಬುರೇಟರ್ ತೊಳೆಯುತ್ತಿದ್ದ. ತಲೆಯೆತ್ತದೆ ಹೇಳಿದ, "ಮಂಗಳವಾರದವರೆಗೂ ಬೇಕಾಯ್ತೇನೋ?"

"ನಿನಗೆ ಉತ್ತರ ಕೊಡಲೇಬೇಕು ಅಂತೇನಿಲ್ಲ ಲುಮೀರ್. ವಕೀಲ ಬೇಕಂದ್ರೆ ಕರೆಸ್ಕೋಬಹುದು. ಡೀನಾ ಬರ್ಕೋತಾಳೆ."

"ಬರ್ಕೊಳ್ಳಿ."

"ಶನಿವಾರ ಎಲ್ಲಿದ್ದೆ?"

"ಸಂತೇಲಿ."

"ಏನು ಮಾರ್ದೆ?"

"ಯೂಜೀನ್ ಬೈಕು."

"ಅದು ನಿನ್ನ ಹತ್ರ ಹೇಗೆ ಬಂತು?"

ಲುಮೀರ್ ಕೈಯಲ್ಲಿದ್ದ ಬ್ರಷ್ಷನ್ನು ಸೀಮೆಎಣ್ಣೆಯ ತಟ್ಟೆಯಲ್ಲಿಟ್ಟ. "ಈಸ್ಟರ್‌ಗೆ ಎರಡು ದಿನ ಮುಂಚೆ ಅವರ ಶೆಡ್ಡಿಗೆ ಹೋಗಿದ್ದೆ. ಜೋಸೆಫ್ ಮಾವ ಸುತ್ತಿಗೆ ಹಿಡ್ಕೊಂಡು ನಿಂತಿದ್ದ. ಲ್ಯಾಂಪ್ ಒಡೆದಿದ್ದ, ಟ್ಯಾಂಕಿಗೆ ಎತ್ತಿದ್ದ. ಮಗ ಹೋದ, ಇದು ಮಾತ್ರ ಯಾಕಿರಬೇಕು ಅಂತ ಅಳ್ತಿದ್ದ. ಅವತ್ತು ಹೆಂಗೋ ಕೈ ಹಿಡಿದೆ. ಭಾನುವಾರ ಎಲ್ಲರೂ ಪೂಜೆಗೆ ಹೋದಾಗ ತಳ್ಕೊಂಡು ಬಂದೆ. ದುಃಖ ಇಳಿದ ಮೇಲೆ ವಾಪಸ್ ಕೊಡೋಣ ಅಂತ."

"ಕೊಡಲಿಲ್ಲ."

"ಸಂಜೆಗೆಲ್ಲ ನೀನು ಹೊಸಾ ಟೋಪಿ ಹಾಕ್ಕೊಂಡು ಬಂದ್ಯಲ್ಲೋ. 'ಏನಾದ್ರೂ ನೋಡಿದ್ಯಾ ಲುಮೀರ್' ಅಂತ ಕೇಳ್ದೆ. ಇಲ್ಲ ಅಂದೆ. ಅಲ್ಲಿಗೆ ಅದು ಕಳ್ಳತನ ಆಯ್ತು. ಇವತ್ತು ನಾಳೆ ಅಂತ ಹೋಗಿ, ಮಾವನೂ ಸತ್ತ. ಆಮೇಲೆ ತೇತಾ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ?"

ಕ್ರಾಲಿಕ್‌ಗೆ ಆ ಸಂಜೆ ನೆನಪಾಯಿತು. ಶೆಡ್ಡಿನಲ್ಲಿ ನಿಂತಿದ್ದ ಬೈಕಿನ ಹೆಡ್‌ಲ್ಯಾಂಪ್ ಯಾಕೆ ಒಡೆದಿತ್ತು ಎಂದು ಜೋಸೆಫ್‌ನನ್ನು ಅವನು ಕೇಳಿರಲೇ ಇಲ್ಲ. ಒಂದು ಪ್ರಶ್ನೆ ಕೇಳಿದ್ದರೆ ಅಂದೇ ಮುಗಿಯುತ್ತಿತ್ತು. ನಾಚಿಕೆಯಾಯಿತು.

"ಒಂದು ಮೈಲಿನೂ ಓಡಿಸಿಲ್ಲ ನೀನು."

"ಓಡಿಸೋಕೆ ಅದೇನು ನಂದಾ? ಯುದ್ಧಕ್ಕೆ ಹೋಗೋ ದಿನ ಅವನು ಹೇಳಿದ್ದು ಒಂದೇ ಮಾತು. 'ಎಂಜಿನ್ ಹಿಡ್ಕೊಳ್ಳೋಕೆ ಬಿಡಬೇಡ ಕಣೋ, ತಿಂಗಳಿಗೊಂದ್ಸಲ ಶುರು ಮಾಡು' ಅಂತ. ಮೊದಲನೇ ಭಾನುವಾರ ಎಂಟು ಗಂಟೆಗೆ ಮಾಡ್ತಿದ್ದೆ. ತೇತಾ ಪೂಜೆಗೆ ಹೋಗಿರ್ತಾಳೆ, ಕೇಳಿಸಲ್ಲ. ನವೆಂಬರಲ್ಲಿ ಸೊಂಟದ ಆಪರೇಷನ್ ಆಯ್ತು. ಏಳು ತಿಂಗಳಿಂದ ಕಿಕ್ ಹೊಡೆಯೋಕೆ ಆಗ್ತಿಲ್ಲ." ಅವನು ಸೊಂಟ ನೀವಿಕೊಂಡ. "ಶುರು ಮಾಡೋ ಕಾಲಿರೋನ ಹತ್ರ ಇರ್ಲಿ ಅಂತ ಮಾರ್ದೆ. ದುಡ್ಡು ಲಕೋಟೆಗೆ ಹಾಕಿ ಬೇಕರಿ ಬಾಗಿಲ ಕೆಳಗೆ ತೂರಿಸ್ದೆ."

"ಲ್ಯಾಂಪ್ ಯಾಕೆ ಸರಿ ಮಾಡ್ಲಿಲ್ಲ?"

"ಅದು ಅಪ್ಪನ ಏಟು. ಒರೆಸಿಹಾಕೋಕೆ ನಾನ್ಯಾರು?"

ಡೀನಾ ಅಲ್ಲಿ ಮೊದಲ ಬಾರಿಗೆ ಬಾಯಿ ತೆರೆದಳು. "ಕದ್ದದ್ದು ಹಳೇ ಮಾತು. ಅದಕ್ಕೆ ಈಗ ಕೇಸೇ ನಿಲ್ಲಲ್ಲ. ಆದ್ರೆ ಸತ್ತವರ ಹೆಸರಲ್ಲಿ ಸುಳ್ಳು ಸಹಿ ಹಾಕಿದ್ದೀರಲ್ಲ, ಅದು ಶನಿವಾರದ ಅಪರಾಧ. ನಿಮ್ಮ ಹೆಸರೇ ಬರೆದಿದ್ರೆ ಯಾರೂ ನಿಮ್ಮನ್ನ ಹುಡುಕ್ತಾನೇ ಇರಲಿಲ್ಲ. ಯಾಕೆ ಹಂಗೆ ಬರೆದ್ರಿ?"

ಲುಮೀರ್ ಅವಳನ್ನು ನೋಡಿದ. ಇಷ್ಟು ಸುಲಭದ್ದನ್ನು ಯಾಕೆ ಕೇಳುತ್ತಿದ್ದಾಳೆಂದು ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ.

"ಚೀಟಿಲಿ 'ಮಾಲೀಕನ ಹೆಸರು' ಅಂತ ಇತ್ತಮ್ಮ. ನನ್ನ ಹೆಸರು ಬರೆದಿದ್ರೆ ಕದ್ದ ಹಂಗಾಗ್ತಿತ್ತು."

ಡೀನಾ ಅದನ್ನೂ ಬರೆದುಕೊಂಡಳು.

ಮೂರು ಗಂಟೆ ಹತ್ತು ನಿಮಿಷಕ್ಕೆ ಲುಮೀರ್ ಟೊಮೆಶ್‌ನನ್ನು ಸುಳ್ಳು ಸಹಿಯ ಆರೋಪದ ಮೇಲೆ ಬಂಧಿಸಲಾಯಿತು. ಬೇಡಿ ಹಾಕಲಿಲ್ಲ. ಕಾರು ಹತ್ತುವಾಗ ಕ್ರಾಲಿಕ್ ಅವನ ಕೋಲು ಹಿಡಿದುಕೊಂಡ.

ಇವರು ಠಾಣೆ ಮುಟ್ಟುವ ಮೊದಲೇ ಸುದ್ದಿ ಊರೆಲ್ಲ ಸುತ್ತಿ ಬಂದಿತ್ತು. ನಾಲ್ಕೂವರೆಗೆ ವ್ಲಾಸ್ತಾ ಏಪ್ರನ್ ಸಮೇತ ಬಂದಳು. ಒಂದು ಕೈಯಲ್ಲಿ ಗಸಗಸೆ ಡಬ್ಬಿ, ಇನ್ನೊಂದರಲ್ಲಿ ಕೋಲಾಚಿಯ ಪೆಟ್ಟಿಗೆ. ಎರಡನ್ನೂ ಮೇಜಿನ ಮೇಲಿಟ್ಟು, ಹೆಗಲ ಮೇಲಿದ್ದ ಟವೆಲ್ಲಿನಿಂದ ಸಾರ್ಜೆಂಟ್‌ನ ತೋಳಿಗೆ ಒಂದು ಬಿಟ್ಟಳು.

"ಅವನನ್ನ ಹಿಡಿದು ತಂದ್ಯೇನೋ ಮುಠ್ಠಾಳ? ದೂರು ನಮ್ಮದು, ನಾನು ವಾಪಸ್ ತಗೋತೀನಿ!"

"ದೂರು ನಿಮ್ಮದು ತೇತಾ. ಸಹಿ ಕೇಸು ಸರ್ಕಾರದ್ದು. ನ್ಯಾಯಾಧೀಶರು ಇವತ್ತೇ ಜಾಮೀನು ಕೊಡ್ತಾರೆ. ರಾತ್ರಿ ಊಟಕ್ಕೆ ಮನೇಲಿರ್ತಾನೆ."

ಬೆಂಚಿನ ಮೇಲೆ ಕೂತಿದ್ದ ಲುಮೀರ್ ತಲೆ ತಗ್ಗಿಸಿದ್ದ. ವ್ಲಾಸ್ತಾ ಅವನ ಎದುರು ನಿಂತಳು.

"ಲುಮೀರ್. ನಾನು ಮೊದಲನೇ ಭಾನುವಾರ ಎಂಟು ಗಂಟೆ ಪೂಜೆಗೆ ಹೋಗಿ ಇಪ್ಪತ್ತೇಳು ವರ್ಷ ಆಯ್ತು ಕಣೋ."

ಅವನು ಮುಖವೆತ್ತಿದ.

"ಪಾದ್ರಿಗೆ ಮಂಡಿ ನೋವು ಅಂದೆ. ಮೂರು ಪಾದ್ರಿಗಳು ಬದಲಾದ್ರು, ಮೂವರಿಗೂ ಅದನ್ನೇ ಹೇಳ್ದೆ. ಹಿಂದಿನ ಕಿಟಕಿ ತೆಗೆದು ಕಾಫಿ ಇಟ್ಕೊಂಡು ಕೂತಿರ್ತಿದ್ದೆ. ನೀನು ಕಿಕ್ ಹೊಡೀತಿದ್ದೆ. ನನ್ನ ಮಗನ ಬೈಕಿನ ಸದ್ದು ನನಗೆ ಗೊತ್ತಾಗಲ್ವೇನೋ?"

"ತೇತಾ, ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ತಂದು ವಾಪಸ್ ಕೊಡ್ತಿದ್ದೆ. ಶುರು ಮಾಡೋಕೆ ನನಗೆ ಬರುತ್ತಾ?" ಟವೆಲ್ಲಿನಿಂದ ಕಣ್ಣು ಒತ್ತಿಕೊಂಡಳು. "ನವೆಂಬರಿಂದ ಸದ್ದಿಲ್ಲ. ನನ್ನ ಮಗ ಇನ್ನೊಂದ್ಸಲ ಸತ್ತ ಅಂದ್ಕೊಂಡೆ. ಮೊನ್ನೆ ಲಕೋಟೇಲಿ ಆ ದುಡ್ಡು ನೋಡಿದಾಗ ಮಾರಿಬಿಟ್ಟಿದ್ದೀಯ, ಅಂತೂ ಮುಗೀತು ಅಂತ ಅತ್ತುಬಿಟ್ಟೆ."

ಮೊಹರಿನ ಆಸೆಗೆ ಬೆಳಗಿನಿಂದ ಕಾದಿದ್ದ ಕರ್ಟ್ ಎಕ್ಲಂಡ್ ಮೂಲೆಯಲ್ಲಿ ಮೂಗು ಒರೆಸಿಕೊಂಡ. ಕ್ರಾಲಿಕ್ ಬೆಳಗಿನ ಮಹಜರು ತೆಗೆದು ಕಣ್ಣಿಗೆ ಹತ್ತಿರ ಹಿಡಿದ.

"ಡೀನಾ, ಇದು ಅಪೂರ್ಣವಾಗಿದೆ. ವಾಹನ ಚಾಲನಾ ಸ್ಥಿತಿಯಲ್ಲಿದೆಯೇ? ಖಾನೆ ಖಾಲಿ. ಹೀಗೆ ಕಳಿಸಿದ್ರೆ ಮೇಲಿನವರು ಬೈತಾರೆ. ಸಾಕ್ಷಿಗಳನ್ನೆಲ್ಲ ಅಂಗಳಕ್ಕೆ ಕರ್ಕೊಂಡು ಬಾ. ಆರೋಪಿನೂ."

ವ್ಲಾಸ್ತಾಗೆ ಮೆಟ್ಟಿಲ ಮೇಲೆ ಕುರ್ಚಿ ಹಾಕಿದರು. ಪಕ್ಕದಲ್ಲಿ ಲುಮೀರ್ ಕೋಲೂರಿ ನಿಂತ. ಕರ್ಟ್ ಒಂದು ಏಟು ಹೊಡೆದ. ಇನ್ನೊಂದು ಹೊಡೆದ.

"ಥ್ರಾಟಲ್ ಸ್ವಲ್ಪ ಬಿಡು," ಎಂದ ಲುಮೀರ್ ಮೆಲ್ಲಗೆ.

ಮೂರನೇ ಏಟಿಗೆ ಎಂಜಿನ್ ಹೊತ್ತಿಕೊಂಡಿತು. ಗೋಡೆಗಳ ನಡುವೆ ಸದ್ದು ತುಂಬಿ ಪಾರಿವಾಳಗಳು ಹಾರಿದವು. ಕ್ರಾಲಿಕ್ ಟೋಪಿ ತೆಗೆದ. ಇಷ್ಟು ವರ್ಷ ಆ ಸದ್ದು ಓಣಿಯಾಚೆಯೇ ಇತ್ತು, ತಾನು ಮೊದಲನೇ ಭಾನುವಾರಗಳಲ್ಲೆಲ್ಲ ಚರ್ಚಿನ ಬೆಂಚಿನಲ್ಲಿ ಕೂತಿದ್ದ.

ವ್ಲಾಸ್ತಾ ಕಣ್ಣು ಮುಚ್ಚಿ ಕೇಳಿದಳು. ಲುಮೀರ್‌ನ ಕೈ ಹಿಡಿದಿದ್ದಳು.

"ಒಂದಿಷ್ಟು ಕೆಮ್ಮುತ್ತೆ," ಎಂದಳು.

"ಮೊದಲಿಂದಲೂ ಹಂಗೇ ತೇತಾ."

ವಾರಸುದಾರಳಾಗಿ ಟೈಟಲ್ ಅನ್ನು ಕರ್ಟ್‌ಗೆ ಬರೆದುಕೊಡುವುದಾಗಿ ವ್ಲಾಸ್ತಾ ಅಲ್ಲಿಯೇ ಹೇಳಿಕೆ ಕೊಟ್ಟಳು. ಷರತ್ತು ಒಂದೇ: ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಎಂಟಕ್ಕೆ ಬೇಕರಿಯ ಹಿಂದಿನ ಓಣಿ. ತಿಂಡಿ ಅವಳದು. ಹೆಡ್‌ಲ್ಯಾಂಪ್ ಸರಿಮಾಡಲು ಲುಮೀರ್‌ಗೆ ಅಪ್ಪಣೆಯಾಯಿತು.

ಸಂಜೆ ಆರೂ ಹತ್ತಕ್ಕೆ ಕ್ರಾಲಿಕ್ ಅಂತಿಮ ವರದಿ ಬರೆಯಲು ಕೂತ. ಚಾಲನಾ ಸ್ಥಿತಿ: ಇದೆ. ಕೊನೆಯ ಖಾನೆ, ಅಪರಾಧಕ್ಕೆ ಪ್ರೇರಣೆ. ಡೀನಾ ದೀಪ ಆರಿಸಲು ಬಂದಾಗ ಬರೆದು ಮುಗಿಸಿದ್ದ:

"ವಾಹನ ತನ್ನದಲ್ಲವೆಂಬುದು ಆರೋಪಿಗೆ ಇಪ್ಪತ್ತೆಂಟು ವರ್ಷಗಳ ಕಾಲ ಒಂದು ದಿನವೂ ಮರೆತುಹೋಗಿರಲಿಲ್ಲ. ಆದಕಾರಣ ಮಾಲೀಕನ ಹೆಸರನ್ನೇ ಬರೆದಿರುತ್ತಾನೆ."

ಕೆಳಗೆ ದಿನಾಂಕ ಹಾಕಿದ. ತೊಂಬತ್ತೇಳರ ಏಳಕ್ಕೆ ಬೆಲ್ಟ್ ಕಟ್ಟಿ, ತನ್ನ ಹೆಸರು ಬರೆದ.